ಕೆಂಪಿನ ಮೇಲೆ ಕೆಂಪು: ಕ್ರಿಸ್ಮಸ್ ಸ್ಲ್ಯಾಶರ್ ದೃಶ್ಯಕ್ಕೆ ರಕ್ತ, ಚೂರಿ, ಕೋಟು ಕಟ್ಟಿದ ಲಾಗ್

ಸಾಂತಾ ವೇಷದ ಕೊಲೆಗಾರ ಇರುವ ಸ್ಲ್ಯಾಶರ್ (ಕೊಲೆಗಾರ ಒಬ್ಬೊಬ್ಬರನ್ನೇ ಬೇಟೆಯಾಡುವ ಹಾರರ್ ಸಿನಿಮಾ) ದೃಶ್ಯಕ್ಕೆ ಪ್ರಾಪ್, ಅಂದರೆ ದೃಶ್ಯದಲ್ಲಿ ಬಳಸುವ ಸಾಮಾನು, ಕಟ್ಟಲು ಕೂತರೆ ಮೊದಲು ಕಾಡುವುದು ಬಣ್ಣ. ಕೋಟು ಕೆಂಪು, ಮರಕ್ಕೆ ತೂಗುಹಾಕಿದ ಗುಂಡುಗಳು ಕೆಂಪು, ಸೀರಿಯಲ್ ಲೈಟಿನಲ್ಲಿ ಅರ್ಧ ಕೆಂಪು. ಇವೆಲ್ಲದರ ನಡುವೆ ರಕ್ತವೂ ಕೆಂಪು. ಬೇರೆ ಹಾರರ್ ಸಿನಿಮಾದಲ್ಲಿ ಚೆನ್ನಾಗಿ ಕಂಡ ರಕ್ತ ಇಲ್ಲಿ ಮಖಮಲ್ಲಿನ ಮೇಲೆ ನೀರು ಚೆಲ್ಲಿದಂತೆ ಕಾಣುತ್ತದೆ, ಕೆಲವೊಮ್ಮೆ ಏನೂ ಕಾಣುವುದೇ ಇಲ್ಲ. ಆದ್ದರಿಂದ ಈ ಕೆಲಸ ಚೂರಿಯಿಂದ ಶುರುವಾಗಲಿಲ್ಲ, ಬಟ್ಟೆಯ ತುಂಡುಗಳಿಂದ ಶುರುವಾಯಿತು.

ಕಟ್ಟಬೇಕಿದ್ದದ್ದು ನಾಲ್ಕು ಶಾಟ್‌ಗೆ. ಹಿಮ ಬಿದ್ದ ಹೊಸ್ತಿಲಲ್ಲಿ ಕೊಲೆಗಾರ ನಿಲ್ಲುವುದು, ಸೀರಿಯಲ್ ಲೈಟಿನ ವೈರು ಕುತ್ತಿಗೆಗೆ ಬೀಳುವುದು, ಮುಂಗೈ ಮೇಲೆ ಚೂರಿ ಎಳೆದು ಗೀರು ಮೂಡುವುದು, ಕೊನೆಗೆ ಅದೇ ಚೂರಿ ಕೊಲೆಗಾರನ ಎದೆಗೆ ಇಳಿದು ಕೋಟಿನಿಂದ ರಕ್ತ ಒಸರುವುದು.

ಬೆಳಕಿನ ಪರೀಕ್ಷೆ

15 × 15 ಸೆಂ.ಮೀ. ಅಳತೆಯ ಐದು ತುಂಡು: ಕೆಂಪು ಮಖಮಲ್ಲು, ಕೆಂಪು ಫೆಲ್ಟ್, ಬಿಳಿ ನಕಲಿ ತುಪ್ಪಳ, ಬಿಳಿ ಹತ್ತಿಬಟ್ಟೆ, ಒಂದು ತಟ್ಟೆಯಲ್ಲಿ ಕಾಗದದ ಹಿಮ. ಪ್ರತಿಯೊಂದರ ಮೇಲೂ ಮೂರು ಬಗೆಯ ರಕ್ತದ ಬೊಟ್ಟು: ಬರೀ ಕೆಂಪು ಬಣ್ಣದ್ದು, ಮೂರು ಹನಿ ನೀಲಿ ಸೇರಿಸಿದ್ದು, ನೀಲಿಯ ಜೊತೆ ಕೋಕೋ ಪುಡಿ ಬೆರೆಸಿದ್ದು. ಇವನ್ನು 3200 ಕೆಲ್ವಿನ್‌ನ ಬಿಳಿ ಲೈಟು (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, 3200 ಅಂದರೆ ಹಳದಿ ಛಾಯೆಯ ಬಿಳಿ), ಬರೀ ಕೆಂಪು ಸೀರಿಯಲ್, ಬರೀ ಹಸಿರು ಸೀರಿಯಲ್ ಎಂದು ಮೂರು ಬೆಳಕಿನಲ್ಲಿ, ಶೂಟಿಂಗ್‌ಗೆ ಬಳಸುವ ಕ್ಯಾಮೆರಾದಲ್ಲೇ ನೋಡಬೇಕು. ಕಣ್ಣಿಗೆ ಕಂಡದ್ದನ್ನು ನಂಬಿದರೆ ಕೆಟ್ಟಂತೆ.

ಬರೀ ಕೆಂಪು ಬೆಳಕಿನಲ್ಲಿ ಬಿಳಿ ತುಪ್ಪಳದ ಮೇಲಿನ ರಕ್ತ ಹೆಚ್ಚುಕಡಿಮೆ ಮಾಯ. ಬಿಳಿಯೂ ಕೆಂಪು ಬೆಳಕನ್ನೇ ಹಿಂದಕ್ಕೆ ಕಳಿಸುತ್ತದೆ, ರಕ್ತವೂ ಅಷ್ಟೇ ಕಳಿಸುತ್ತದೆ. ಎರಡಕ್ಕೂ ಭೇದವೇ ಉಳಿಯುವುದಿಲ್ಲ. ಕೋಕೋ ಹಾಕಿದ ಬೊಟ್ಟು ಮಾತ್ರ ಮಂದವಾಗಿ ಉಳಿಯಿತು. ಹಸಿರು ಬೆಳಕಿನಲ್ಲಿ ಇದರ ತದ್ವಿರುದ್ಧ: ರಕ್ತ ಹಸಿರನ್ನು ಹೀರಿಕೊಂಡು ಡಾಂಬರಿನಂತೆ ಕಪ್ಪಾಗುತ್ತದೆ, ಆದರೆ ಕೋಟೂ ಕಪ್ಪಾಗುವುದರಿಂದ ಬಿಳಿ ಅಂಚಿನ ಮೇಲೆ ಮಾತ್ರ ಕಾಣುತ್ತದೆ. 3200ರ ಬಿಳಿ ಬೆಳಕಿನಲ್ಲಿ ನೀಲಿ ಇಲ್ಲದ ರಕ್ತ ಟೊಮೆಟೊ ಸಾಸಿನಂತಿತ್ತು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿಯೆಂದು ಎಣಿಸಬೇಕೆಂಬ ಸೆಟ್ಟಿಂಗ್) ಹಗಲು ಬೆಳಕಿನ 5600ರಲ್ಲಿ ಉಳಿದಿದ್ದರೆ ಇನ್ನೂ ಕಿತ್ತಳೆಯಾಗುತ್ತದೆ.

ಇಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ಕ್ಯಾಮೆರಾವನ್ನು ಕಪ್ಪು-ಬಿಳುಪಿಗೆ ಹಾಕಿ ನೋಡುವುದು. ಅದರಲ್ಲೂ ರಕ್ತ ಬೇರೆಯಾಗಿ ಕಂಡರೆ ಆ ಲೈಟಿನಲ್ಲಿ ಚಿಂತೆಯಿಲ್ಲ. 1960ರ ‘ಸೈಕೋ’ದಲ್ಲಿ ರಕ್ತಕ್ಕೆ ಚಾಕೊಲೇಟ್ ಸಿರಪ್ ನಡೆದದ್ದು ಇದೇ ಕಾರಣಕ್ಕೆ, ಕಪ್ಪು-ಬಿಳುಪಿನಲ್ಲಿ ಲೆಕ್ಕಕ್ಕೆ ಬರುವುದು ಗಾಢತೆ ಮತ್ತು ಹೊಳಪು ಎರಡೇ. ಒಂದೇ ಬಣ್ಣದ ಲೈಟು ತುಂಬಿದ ಕೋಣೆಯೂ ಕ್ಯಾಮೆರಾದ ಪಾಲಿಗೆ ಒಂದು ಬಗೆಯ ಕಪ್ಪು-ಬಿಳುಪೇ.

ಕೊನೆಗೆ ಉಳಿಸಿಕೊಂಡ ಏರ್ಪಾಡು: ಸೀರಿಯಲ್ ಲೈಟು ಹಿನ್ನೆಲೆಗೆ, ಫೋಕಸ್ಸಿನ ಆಚೆಗೆ. ಪಾತ್ರಗಳ ಮೇಲೆ ಬೀಳುವುದು ಪಕ್ಕದಿಂದ ಬರುವ 3200ರ ಮೆದು ಬಿಳಿ ಬೆಳಕು. ಅದರ ಜೊತೆ ಹಿಂದಿನಿಂದ, ತಗ್ಗಿನಲ್ಲಿ ಒಂದು ಸಣ್ಣ ಲೈಟು. ಈ ಹಿಂದಿನ ಲೈಟು ಇಲ್ಲದಿದ್ದರೆ ರಕ್ತದ ಹೊಳಪು ಹೊರಬರುವುದಿಲ್ಲ, ಮತ್ತು ಕೆಂಪು ಬಟ್ಟೆಯ ಮೇಲೆ ರಕ್ತವನ್ನು ತೋರಿಸುವುದು ಆ ಹೊಳಪೊಂದೇ. ಎಕ್ಸ್‌ಪೋಷರ್ ನೋಡುವಾಗ ಒಟ್ಟು ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸಾಲದು, ಕೆಂಪು ಚಾನೆಲನ್ನು ಬೇರೆಯಾಗಿ ನೋಡಬೇಕು. ಸಾಂತಾ ಕೋಟು ಕೆಂಪು ಚಾನೆಲನ್ನು ಬಹಳ ಬೇಗ ತುಂಬಿಸುತ್ತದೆ. ತುಂಬಿದ ಮೇಲೆ ಮಡಿಕೆ, ನೂಲು, ರಕ್ತ ಎಲ್ಲ ಒಂದೇ ಕೆಂಪು ಮುದ್ದೆ. ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ) ಇಳಿಸಿದರೆ ಸರಿಹೋಗುತ್ತದೆ.

ಸೀರಿಯಲ್ ಲೈಟು ಕರೆಂಟಿನದ್ದಾದರೆ ಮಿಣುಕು ಬರುತ್ತದೆ. 50 ಹರ್ಟ್ಸ್ ಕರೆಂಟು ಇರುವಲ್ಲಿ ಷಟರ್ 1/50 ಸೆಕೆಂಡು ಇರಲಿ. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆಯುವುದಾದರೆ ಷಟರ್ ಕೋನ (ಒಂದು ಫ್ರೇಮಿನ ಹೊತ್ತನ್ನು 360 ಡಿಗ್ರಿ ಎಂದುಕೊಂಡರೆ ಷಟರ್ ತೆರೆದಿರುವ ಪಾಲು) 172.8 ಡಿಗ್ರಿ. 60 ಹರ್ಟ್ಸ್ ಇರುವಲ್ಲಿ 1/60, ಅಂದರೆ 24 ಫ್ರೇಮಿಗೆ 144 ಡಿಗ್ರಿ. ಬಣ್ಣ ಬದಲಿಸುವ ಕಂಟ್ರೋಲರ್ ಇರುವ ಸರಕ್ಕೆ ಈ ಲೆಕ್ಕವೂ ಕೈಕೊಡಬಹುದು. ಬ್ಯಾಟರಿಯ ಸರ ಹಾಕಿ, ಕಂಟ್ರೋಲರ್ ಕಿತ್ತು ನೇರ ಜೋಡಿಸಿದರೆ ತಲೆನೋವು ಮುಗಿಯಿತು.

ಎರಡು ರಕ್ತ

ಒಂದೇ ರಕ್ತದಲ್ಲಿ ಎಲ್ಲ ಕೆಲಸ ಮುಗಿಸಲು ಹೊರಟರೆ ಕೋಟು ಹಾಳು, ಪೈಪು ಬಂದ್, ಗಡ್ಡ ಗಂಟು. ಚರ್ಮ, ಬಾಯಿ, ಹಿಮಕ್ಕೆ ಸಿರಪ್ಪಿನ ರಕ್ತ. ಪೈಪು, ಗಡ್ಡ, ಬಟ್ಟೆಗೆ ಮೀಥೈಲ್ ಸೆಲ್ಯುಲೋಸಿನ (ನೀರನ್ನು ಲೋಳೆಯಂತೆ ಗಟ್ಟಿಮಾಡುವ ಪುಡಿ) ರಕ್ತ.

ಸಿರಪ್ಪಿನದ್ದಕ್ಕೆ ತಿಳಿ ಬಣ್ಣದ ಕಾರ್ನ್ ಸಿರಪ್ 500 ಮಿ.ಲೀ., ಉಗುರುಬೆಚ್ಚಗಿನ ನೀರು 100 ಮಿ.ಲೀ., ಕಾರ್ನ್‌ಫ್ಲೋರ್ 1 ದೊಡ್ಡ ಚಮಚ, ಕೋಕೋ ಪುಡಿ 2 ಸಣ್ಣ ಚಮಚ, ದ್ರವರೂಪದ ಕೆಂಪು ಫುಡ್ ಕಲರ್ 20ರಿಂದ 25 ಮಿ.ಲೀ., ನೀಲಿ 3 ಹನಿ. ಕಾರ್ನ್‌ಫ್ಲೋರ್ ಮತ್ತು ಕೋಕೋವನ್ನು ಮೊದಲು ಆ ನೀರಿನಲ್ಲಿ ಕದಡಿ, ಗಂಟಿಲ್ಲದಂತೆ ಮಾಡಿಕೊಂಡು ಆಮೇಲೆ ಸಿರಪ್ಪಿಗೆ ಸುರಿಯಬೇಕು. ನೇರವಾಗಿ ಸಿರಪ್ಪಿಗೆ ಉದುರಿಸಿದರೆ ಗಂಟು ಕಟ್ಟುತ್ತದೆ, ಆ ಗಂಟು ಎಷ್ಟು ಕಲಕಿದರೂ ಒಡೆಯುವುದಿಲ್ಲ. ಒಲೆಗೆ ಇಡಬಾರದು, ಕಾರ್ನ್‌ಫ್ಲೋರ್ ಬೆಂದರೆ ರಕ್ತ ಹೋಗಿ ಗಂಜಿಯಾಗುತ್ತದೆ. ಹಸಿಯಾಗಿ ಇರುವಷ್ಟು ಹೊತ್ತು ಅದರ ಕೆಲಸ ಸಿರಪ್ಪಿನ ಪಾರದರ್ಶಕತೆ ತೆಗೆಯುವುದಷ್ಟೇ. ನೀಲಿಯ ಹನಿ ಎಣಿಸಿಯೇ ಹಾಕಿ. ಆರು ಹನಿ ದಾಟಿತೆಂದರೆ ನೇರಳೆಗೆ ತಿರುಗುತ್ತದೆ, ಅಲ್ಲಿಂದ ಹಿಂದೆ ತರಲು ಇಡೀ ಪಾತ್ರೆಗೆ ಮತ್ತೆ ಕೆಂಪು ಸುರಿಯಬೇಕು.

ನಕಲಿ ಚರ್ಮಕ್ಕೆ ಹಚ್ಚುವ ಪಾಲಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 5 ಮಿ.ಲೀ. ಸೇರಿಸಿದರೆ ರಕ್ತ ಮುತ್ತು ಮುತ್ತಾಗಿ ನಿಲ್ಲದೆ ಹರಡುತ್ತದೆ. ಬಾಯಿ, ಕಣ್ಣಿನ ಹತ್ತಿರ ಹೋಗುವ ಬಾಟಲಿಗೆ ಇದು ಬೇಡ. ಆ ಬಾಟಲಿಯ ಮುಚ್ಚಳಕ್ಕೆ ಬೇರೆ ಬಣ್ಣದ ಟೇಪ್ ಸುತ್ತಿ. ಮೇಕಪ್ ಕಲಾವಿದ ಡಿಕ್ ಸ್ಮಿತ್ ಅವರ ಹೆಸರಾಂತ ರಕ್ತದ ಸೂತ್ರದಲ್ಲಿ ಇದೇ ಕೆಲಸಕ್ಕೆ ಕೊಡಾಕ್‌ನ ಫೋಟೋ-ಫ್ಲೋ ಬೀಳುತ್ತಿತ್ತು. ಅದು ಫಿಲ್ಮ್ ತೊಳೆಯುವ ರಾಸಾಯನಿಕ, ನುಂಗುವಂಥದ್ದಲ್ಲ. ಹಳೆಯ ಸೂತ್ರವನ್ನು ಕಣ್ಣುಮುಚ್ಚಿ ನಕಲು ಮಾಡುವವರು ಈ ಒಂದು ಸಾಲನ್ನು ಗಮನಿಸಬೇಕು.

ಎರಡನೆಯ ರಕ್ತ 1 ಲೀಟರಿಗೆ: ಮೀಥೈಲ್ ಸೆಲ್ಯುಲೋಸ್ 12 ಗ್ರಾಂ, 80 ಡಿಗ್ರಿ ದಾಟಿದ ಬಿಸಿನೀರು 300 ಮಿ.ಲೀ., ಐಸ್ ಹಾಕಿದ ತಣ್ಣೀರು 700 ಮಿ.ಲೀ. ಈ ಪುಡಿಯ ಸ್ವಭಾವವೇ ವಿಚಿತ್ರ. ಬಿಸಿನೀರಿನಲ್ಲಿ ಕರಗುವುದಿಲ್ಲ, ತಣ್ಣೀರಿನಲ್ಲಿ ಕರಗುತ್ತದೆ. ಹಾಗೆಂದು ನೇರವಾಗಿ ತಣ್ಣೀರಿಗೆ ಹಾಕಿದರೆ ಪುಡಿಯ ಹೊರಪದರ ಲೋಳೆಯಾಗಿ ಒಳಗಿನದ್ದು ಒಣಗೇ ಉಳಿಯುತ್ತದೆ. ಮೊದಲು ಬಿಸಿನೀರಿನಲ್ಲಿ ಚೆದುರಿಸಿ, ಎಲ್ಲ ಕಣವೂ ನೆನೆದ ಮೇಲೆ ತಣ್ಣೀರು ಸುರಿದು 20 ನಿಮಿಷ ಕಲಕಬೇಕು. ಗಟ್ಟಿತನ ಪುಡಿಯ ಗ್ರೇಡಿನ ಮೇಲೆ ನಿಂತಿದೆ, ಹಾಗಾಗಿ 100 ಮಿ.ಲೀ. ಮಾದರಿ ಮಾಡಿ ನೋಡಿಯೇ ದೊಡ್ಡ ಪಾತ್ರೆಗೆ ಇಳಿಯಿರಿ. ರಾತ್ರಿಯಿಡೀ ಬಿಟ್ಟರೆ ಗುಳ್ಳೆ ಹೊರಟುಹೋಗುತ್ತದೆ. ಬಣ್ಣಕ್ಕೆ ಫುಡ್ ಕಲರ್ ಜೊತೆ ತೊಳೆದರೆ ಹೋಗುವ ಕೆಂಪು ಪೋಸ್ಟರ್ ಕಲರ್ 1 ದೊಡ್ಡ ಚಮಚ. ಕೋಕೋ ಇಲ್ಲಿ ಬೇಡ, ತೂತುಗಳು ಕಟ್ಟುತ್ತವೆ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಸಕ್ಕರೆ ಇಲ್ಲದ್ದರಿಂದ ಅಂಟುವುದಿಲ್ಲ, ಇರುವೆ ಮುತ್ತುವುದಿಲ್ಲ. ಆದರೆ ಫ್ರಿಜ್‌ನಲ್ಲಿಟ್ಟರೂ ಎರಡು-ಮೂರು ದಿನದಲ್ಲಿ ಮುಗಿಸಬೇಕು.

ಚೂರಿ

ಅಲಗು ಒಳಗೆ ಸರಿಯುವ ಸ್ಪ್ರಿಂಗ್ ಚೂರಿಯನ್ನು ಮೊದಲೇ ಕೈಬಿಡಲಾಯಿತು. ಸಿರಪ್ ಸೀಳಿನೊಳಗೆ ಹೋಗಿ ಒಣಗಿದರೆ ಅಲಗು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಆಗ ಅದು ನಿಜವಾದ ಚೂರಿಯೇ. ಇರಿತವನ್ನು ಕತ್ತರಿಸಿ ತೋರಿಸುವುದು ಒಳ್ಳೆಯದು: ಕೈ ಎತ್ತುವುದು ಒಂದು ಶಾಟ್, ಇಳಿದ ಚೂರಿ ಇನ್ನೊಂದು ಶಾಟ್.

ಗೀರಿನ ಚೂರಿಗೆ 3 ಮಿ.ಮೀ. ಫೋಮ್ ಪಿವಿಸಿ ಶೀಟ್. ಅಲಗಿನ ಆಕಾರಕ್ಕೆ ಕತ್ತರಿಸಿ, ಎಮರಿ ಪೇಪರಿನಲ್ಲಿ ಅಂಚು ಉಜ್ಜಿ ದುಂಡಗೆ ಮಾಡಬೇಕು. ತುದಿ ಕನಿಷ್ಠ 5 ಮಿ.ಮೀ. ತ್ರಿಜ್ಯದಷ್ಟು ಮೊಂಡಾಗಿರಲಿ. ಹೊಳಪಿನ ಕಪ್ಪು ಬಣ್ಣ ಹೊಡೆದು, ಪೂರ್ತಿ ಒಣಗಿದ ಮೇಲೆ ಗ್ರಾಫೈಟ್ ಪುಡಿ ಬೆರಳಲ್ಲಿ ತಿಕ್ಕಿದರೆ ಉಕ್ಕಿನ ಮೈ ಬರುತ್ತದೆ. ಬೆಳ್ಳಿ ಬಣ್ಣದ ಸ್ಪ್ರೇಯಲ್ಲಿ ಈ ಮೈ ಬರುವುದಿಲ್ಲ, ಆಟದ ಸಾಮಾನಿನಂತೆ ಕಾಣುತ್ತದೆ.

ಕ್ಯಾಮೆರಾಗೆ ಕಾಣದ ಮಗ್ಗುಲಲ್ಲಿ, ಅಂಚಿನ ಉದ್ದಕ್ಕೂ, 2 ಮಿ.ಮೀ. ಒಳವ್ಯಾಸದ ಟ್ಯೂಬು. ಮೊದಲು ಹಾಕಿದ್ದು ಸಿಲಿಕೋನ್ ಟ್ಯೂಬು. ಸೂಪರ್ ಗ್ಲೂ ಸಿಲಿಕೋನಿಗೆ ಹಿಡಿಯುವುದೇ ಇಲ್ಲ, ಮೂರನೆಯ ಎಳೆತಕ್ಕೆ ಕಿತ್ತುಬಂತು. ಮೆದು ಪಿವಿಸಿ ಟ್ಯೂಬು ಹಾಕಿದ ಮೇಲೆ ನಿಂತಿತು. 10 ಮಿ.ಮೀ.ಗೆ ಒಂದರಂತೆ ತೂತು, ತುದಿಗೆ ಬಿರಡೆ.

ಈ ತೂತುಗಳಲ್ಲೇ ಎಲ್ಲರೂ ಎಡವುವುದು. ಮೊದಲ ಪ್ರಯತ್ನದಲ್ಲಿ 1.5 ಮಿ.ಮೀ.ನ ಎಂಟು ತೂತು ಇದ್ದವು. ರಕ್ತವೆಲ್ಲ ಹಿಡಿಕೆಯ ಹತ್ತಿರದ ಎರಡರಲ್ಲೇ ಸುರಿದು ತುದಿ ಒಣಗಿಯೇ ಉಳಿಯಿತು. ತೂತುಗಳ ಒಟ್ಟು ವಿಸ್ತೀರ್ಣ ಟ್ಯೂಬಿನ ಒಳವಿಸ್ತೀರ್ಣ ಮೀರಿದರೆ ಒತ್ತಡ ತುದಿಯವರೆಗೆ ಉಳಿಯುವುದಿಲ್ಲ. 2 ಮಿ.ಮೀ. ಟ್ಯೂಬಿನ ವಿಸ್ತೀರ್ಣ 3.14 ಚದರ ಮಿ.ಮೀ.; 0.8 ಮಿ.ಮೀ. ತೂತು ಒಂದಕ್ಕೆ ಸುಮಾರು 0.5. ಅಲ್ಲಿಗೆ ಆರು ತೂತು, ಏಳನೆಯದಕ್ಕೆ ಜಾಗವಿಲ್ಲ. ಕಾಯಿಸಿದ ಸೂಜಿಯಿಂದ ಚುಚ್ಚಿದರೆ ತೂತು ದುಂಡಗೆ ಬರುತ್ತದೆ, ಆದರೆ ಪಿವಿಸಿ ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದು ಮಾಡಿ.

ಹಿಡಿಕೆಯಿಂದ ತೋಳಿನೊಳಗೆ ಹಾದು ಫ್ರೇಮಿನ ಆಚೆಗೆ 1.5 ಮೀಟರ್ ಟ್ಯೂಬು, ಕೊನೆಗೆ 20 ಮಿ.ಲೀ. ಸಿರಿಂಜ್. ಈ ಟ್ಯೂಬಿನ ಹೊಟ್ಟೆಯಲ್ಲೇ 4.7 ಮಿ.ಲೀ. ಹಿಡಿಯುತ್ತದೆ. ಟೇಕಿಗೆ ಮುಂಚೆ ತುದಿಯ ತೂತಿನಲ್ಲಿ ಹನಿ ಕಾಣುವವರೆಗೆ ಒತ್ತಿ, ಅಂಚು ಒರೆಸಿಡಬೇಕು. ಒಳಗೆ ಗಾಳಿ ಉಳಿದರೆ ಒತ್ತಿದ್ದು ಗಾಳಿಯನ್ನು ಅದುಮುವುದಕ್ಕೇ ಹೋಗಿ ರಕ್ತ ತಡವಾಗಿ, ಪುಸ್ ಎಂದು ಉಗುಳುತ್ತದೆ. ಸಿರಿಂಜ್ ಒತ್ತುವವರು ನಟರಲ್ಲ, ಬೇರೊಬ್ಬರು. ಚೂರಿ ಚಲಿಸಿದ ಮೇಲೆ ಕ್ಷಣಾರ್ಧ ಬಿಟ್ಟು ಒತ್ತಬೇಕು. ನಿಜವಾದ ಗಾಯವೂ ತಕ್ಷಣ ಒಸರುವುದಿಲ್ಲ. ಮುಂಗೈಗೆ ಮೊದಲೇ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಬಣ್ಣ ಕೂರುವುದಿಲ್ಲ. ಕೂತರೆ ಶೇವಿಂಗ್ ಫೋಮ್ ಹಚ್ಚಿ ಒರೆಸಿ.

ಲೋಹದ ಚೂರಿ ಒಂದಿದೆ, ಮೇಜಿನ ಮೇಲೆ ಹೊಳೆಯುವ ಕ್ಲೋಸಪ್ಪಿಗೆ ಮಾತ್ರ. ಅದರ ಅಂಚನ್ನೂ ಅರದಿಂದ ಮೊಂಡು ಮಾಡಲಾಗಿದೆ. ಅದು ಸೆಟ್ಟಿನಲ್ಲಿದ್ದಾಗ ಬೇರೆ ಚೂರಿ ಇರಬಾರದು, ಬೇರೆಯವು ಇದ್ದಾಗ ಅದು ಪೆಟ್ಟಿಗೆಯೊಳಗೆ ಬೀಗದಲ್ಲಿರಬೇಕು.

ಕೋಟು

ಹೆಚ್ಚು ಹೊತ್ತು ತಿಂದದ್ದು ಇದು. ಎದೆಗೆ 3 ಮಿ.ಮೀ. ಈವಿಎ ಫೋಮಿನ 20 × 25 ಸೆಂ.ಮೀ. ತಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 10 × 10 × 2 ಸೆಂ.ಮೀ. ಸ್ಪಂಜು. ಸ್ಪಂಜಿನ ಹಿಂದಿನಿಂದ 6 ಮಿ.ಮೀ. ಒಳವ್ಯಾಸದ ಟ್ಯೂಬು ಬಂದು ಒಳಗೆ ಮುಗಿಯುತ್ತದೆ, ಅದರಲ್ಲಿ 2.5 ಮಿ.ಮೀ.ನ ಐದು ತೂತು. ಇಲ್ಲೂ ಅದೇ ವಿಸ್ತೀರ್ಣದ ಲೆಕ್ಕ. ಇನ್ನೊಂದು ತುದಿ ಗಿಡಗಳಿಗೆ ಔಷಧಿ ಹೊಡೆಯುವಂಥ 5 ಲೀಟರಿನ ಹೊಸ ಸ್ಪ್ರೇಯರಿಗೆ. ಹಳೆಯದನ್ನು ಬಳಸಲೇಬಾರದು, ಕೀಟನಾಶಕ ಎಷ್ಟು ತೊಳೆದರೂ ಉಳಿದಿರುತ್ತದೆ. ಒಳಗೆ ಒಂದೂವರೆ ಲೀಟರ್ ರಕ್ತ, ಮಧ್ಯೆ ಒಂದು ಬಾಲ್ ವಾಲ್ವ್.

ಸ್ಪಂಜಿಲ್ಲದೆ ಮಾಡಿದ ಮೊದಲ ಪರೀಕ್ಷೆಯಲ್ಲಿ ರಕ್ತ ಮೀಟರ್ ದೂರಕ್ಕೆ ಚಿಮ್ಮಿತು. ಭಯದ ದೃಶ್ಯ ನಗೆಯ ದೃಶ್ಯವಾಗಲು ಅಷ್ಟು ಸಾಕು. ಸ್ಪಂಜು ಹಾಕಿದ ಮೇಲೆ ಒಸರುವಿಕೆ ಸರಿಯಾಯಿತು, ಆದರೆ ಅರ್ಧ ರಕ್ತ ಒಳಗೊಳಗೇ ಇಳಿದು ಪ್ಯಾಂಟಿಗೆ ಹೋಯಿತು. ಪ್ಲಾಸ್ಟಿಕ್ ಹಾಳೆಯ ಕೆಳಅಂಚನ್ನು 2 ಸೆಂ.ಮೀ. ಮೇಲಕ್ಕೆ ಮಡಚಿ ಕಾಲುವೆಯಂತೆ ಮಾಡಿ ಬದಿಗಳನ್ನು ಟೇಪಿನಿಂದ ಮುಚ್ಚಿದಾಗ ಅದು ನಿಂತಿತು. ಮೂರನೆಯ ಸಲ ಎಲ್ಲವೂ ಸರಿಯಾಗಿ ಕೆಲಸ ಮಾಡಿತು, ಮಾನಿಟರಿನಲ್ಲಿ ಮಾತ್ರ ಏನೂ ಕಾಣಲಿಲ್ಲ! ಮಖಮಲ್ಲಿನ ನವಿರು ರಕ್ತವನ್ನೂ ಹೀರಿತು, ಹೊಳಪನ್ನೂ ನುಂಗಿತು.

ಪರಿಹಾರ ಎರಡು ಕಡೆಯಿಂದ ಬಂತು. ಗಾಯದ ಸುತ್ತ 12 ಸೆಂ.ಮೀ. ಅಗಲಕ್ಕೆ, ಒಣಗಿದ ಮೇಲೂ ಬಾಗುವ ಪಾರದರ್ಶಕ ಅಕ್ರಿಲಿಕ್ ಮೀಡಿಯಂ (ಬಣ್ಣ ಸೇರಿಸದ ಅಕ್ರಿಲಿಕ್ ಪೇಂಟು) ಅನ್ನು ಸಮಪಾಲು ನೀರಿನಲ್ಲಿ ಬೆರೆಸಿ ಬ್ರಷ್ಷಿನಲ್ಲಿ ಹಚ್ಚಲಾಯಿತು. ನಾಲ್ಕು ಗಂಟೆ ಒಣಗಿದ ಮೇಲೆ ನವಿರು ಮಲಗುತ್ತದೆ, ರಕ್ತ ಹೀರದೆ ಮೇಲೆಯೇ ನಿಂತು ಹೊಳೆಯುತ್ತದೆ. ಆ ತೇಪೆ ಒಣಗಿದ್ದಾಗಲೂ ಸ್ವಲ್ಪ ಬೇರೆಯಾಗಿ ಕಾಣುವುದರಿಂದ ಗಡ್ಡದ ತುದಿ ಅದರ ಮೇಲೆ ಬೀಳುವ ಹಾಗೆ ಜಾಗ ಆರಿಸಬೇಕು. ಇನ್ನೊಂದು ಉಪಾಯ ಇದಕ್ಕಿಂತ ಮುಖ್ಯ: ಗಾಯವನ್ನೇ ಕೋಟಿನ ನಡುವೆ ಇಳಿಯುವ ಬಿಳಿ ತುಪ್ಪಳದ ಪಟ್ಟಿಯ ಅಂಚಿಗೆ ಸರಿಸಿದ್ದು. ರಕ್ತ ಮೊದಲು ಬಿಳಿಯಲ್ಲಿ ಕಾಣುತ್ತದೆ, ಆಮೇಲೆ ಕೆಂಪಿಗೆ ಇಳಿಯುತ್ತದೆ. ಬಿಳಿಯಲ್ಲಿ ಒಮ್ಮೆ ನೋಡಿದ ಕಣ್ಣು ಕೆಂಪಿನ ಮೇಲಿನ ಒದ್ದೆಯನ್ನೂ ರಕ್ತವೆಂದೇ ಓದುತ್ತದೆ.

ಬಟ್ಟೆಯಲ್ಲಿ 4 ಸೆಂ.ಮೀ. ಸೀಳು ಮಾಡಿ ಒಂದೇ ಎಳೆ ನೂಲಿನಲ್ಲಿ ಸಡಿಲ ಹೊಲಿಗೆ. ಎದೆಯಲ್ಲಿ ನಿಂತ ಚೂರಿಗೆ ಅಲಗಿನ ಮೂರನೇ ಒಂದು ಭಾಗವಷ್ಟೇ ಉಳಿಸಿ, 6 × 6 ಸೆಂ.ಮೀ. ತಳಕ್ಕೆ ಬೋಲ್ಟ್ ಹಾಕಿ ಫೋಮ್ ತಟ್ಟೆಗೆ ಕೂರಿಸಲಾಗಿದೆ. ಬೋಲ್ಟಿನ ತಲೆ ಮೈ ಕಡೆಗೆ ಚುಚ್ಚದಂತೆ ಇನ್ನೊಂದು ಪದರ ಫೋಮ್ ಅಂಟಿಸುವುದು ಮರೆಯಬಾರದು.

ಟೇಕಿಗೊಂದು ಕೋಟು ಹೊಲಿಸುವ ಅಗತ್ಯವಿಲ್ಲ. ತುಪ್ಪಳದ ಪಟ್ಟಿಯನ್ನು ವೆಲ್ಕ್ರೋದಲ್ಲಿ ಹಚ್ಚಿದರೆ ಎರಡು ಕೋಟು, ನಾಲ್ಕು ಪಟ್ಟಿ, ಮೂರು ಗಡ್ಡದಲ್ಲಿ ನಾಲ್ಕು ಟೇಕು ನಡೆಯುತ್ತದೆ. ಒಂದು ಕೋಟು ಒಣಗುವಾಗ ಇನ್ನೊಂದು ಮೈಮೇಲಿರುತ್ತದೆ. ಗಡ್ಡ ಅಕ್ರಿಲಿಕ್ಕಿನದ್ದಾಗಿರಲಿ, ತಣ್ಣೀರಿನಲ್ಲೇ ತೊಳೆಯಿರಿ. ಬಿಸಿನೀರು ಎಳೆಗಳನ್ನು ಸುಕ್ಕಾಗಿಸುತ್ತದೆ.

ಕುತ್ತಿಗೆಗೆ ಬೀಳುವ ಸರ

ತೆಳು ತಾಮ್ರದ ತಂತಿಯ ಸರವನ್ನು ಕುತ್ತಿಗೆಯ ಹತ್ತಿರಕ್ಕೂ ತರಬೇಡಿ. ಎಳೆದರೆ ಚರ್ಮ ಕೊಯ್ಯುತ್ತದೆ. ಕರೆಂಟಿನ ಸರವಂತೂ ಪ್ರಶ್ನೆಯೇ ಇಲ್ಲ. 6 ಮಿ.ಮೀ. ದಪ್ಪದ ಮೆದು ಹತ್ತಿ ಹಗ್ಗಕ್ಕೆ ಹಸಿರು ಬಣ್ಣ ಹಾಕಿ, ಹಳೆಯ ಸರದ ಪ್ಲಾಸ್ಟಿಕ್ ಬಲ್ಬಿನ ಹೊದಿಕೆಗಳನ್ನು ಹೊಲಿದರೆ ಕ್ಯಾಮೆರಾಗೆ ವ್ಯತ್ಯಾಸ ತಿಳಿಯುವುದಿಲ್ಲ. ಉರಿಯಲೇಬೇಕಾದ ನಾಲ್ಕೈದು ಬಲ್ಬು ಕುತ್ತಿಗೆಯ ಭಾಗದಲ್ಲಿ ಬೇಡ, ಕೊಲೆಗಾರನ ಕೈಯ ಕಡೆಗೆ ಇರಲಿ, ಮೂರು ಎಎ ಬ್ಯಾಟರಿಯಲ್ಲಿ. ಕುತ್ತಿಗೆಯ ಹಿಂದೆ ಹಗ್ಗ ತುಂಡಾಗಿದ್ದು, 10 × 10 ಮಿ.ಮೀ. ವೆಲ್ಕ್ರೋ ಚೂರಿನಿಂದ ಮಾತ್ರ ಸೇರಿರಬೇಕು. ತೂಕದ ಕೊಕ್ಕೆ ಹಾಕಿ ಎಳೆದು ನೋಡಿ, 2 ಕಿಲೋ ದಾಟುವ ಮೊದಲೇ ಬಿಚ್ಚಿಕೊಳ್ಳಬೇಕು. ಬಿಚ್ಚದಿದ್ದರೆ ಚೂರನ್ನು ಇನ್ನೂ ಚಿಕ್ಕದು ಮಾಡಿ. ಈ ಪರೀಕ್ಷೆ ಪ್ರತಿ ಟೇಕಿಗೆ ಮುಂಚೆಯೂ ಬೇಕು. ಹೆಣಗಾಡುವುದು ನಟನ ಅಭಿನಯ, ಹಗ್ಗದ ಬಿಗಿತ ಅಲ್ಲ.

ಹಿಮ

ಹಿಂದೆ ಸಿನಿಮಾ ಸೆಟ್ಟಿನಲ್ಲಿ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಉದುರಿಸುತ್ತಿದ್ದರು, ಹೆಜ್ಜೆ ಇಟ್ಟರೆ ಕರಕರ ಸದ್ದಿಗೆ ಸಂಭಾಷಣೆ ಕೇಳುತ್ತಿರಲಿಲ್ಲ. ಆಸ್ಬೆಸ್ಟಾಸ್ಸನ್ನೂ ಹಿಮವೆಂದು ಮಾರುತ್ತಿದ್ದ ಕಾಲವೊಂದಿತ್ತು. ಹಳೆಯ ಅಲಂಕಾರದ ಪೆಟ್ಟಿಗೆಯಲ್ಲಿ ಅಂಥ ಪುಡಿ ಸಿಕ್ಕರೆ ಮುಟ್ಟದಿರುವುದು ಲೇಸು. ಇಲ್ಲಿ ಬಳಸಿದ್ದು ಮುಂಭಾಗಕ್ಕೆ ಕಾಗದದ ಹಿಮ, ದೂರಕ್ಕೆ ಬಿಳಿ ಹತ್ತಿಯ ಹಾಸು. ಹತ್ತಿ ಬೆಂಕಿಗೆ ಬೇಗ ಸಿಗುತ್ತದೆ, ಹಾಗಾಗಿ ಹಾಸು ಬಿಸಿ ಲೈಟಿನಿಂದ ದೂರವಿರಲಿ.

ನೀರು ಹೀರಿ ಉಬ್ಬುವ ಸೋಡಿಯಂ ಪಾಲಿಅಕ್ರಿಲೇಟ್ ಹಿಮ ನೋಡಲು ಎಲ್ಲಕ್ಕಿಂತ ಚೆಂದ, ಆದರೆ ಎರಡು ತೊಂದರೆ. ನೆಲದ ಮೇಲೆ ಒದ್ದೆಯಾದರೆ ಲೋಳೆಯಂತೆ ಜಾರುತ್ತದೆ, ಓಡುವ ದೃಶ್ಯಕ್ಕೆ ಸಲ್ಲದು. ಪೂರ್ತಿ ಉಬ್ಬಿರದಿದ್ದರೆ ತೆಳು ರಕ್ತದ ನೀರನ್ನೆಲ್ಲ ಹೀರಿಕೊಂಡು ಜೆಲ್ಲಿಯ ಗಡ್ಡೆ ಮಾಡಿಡುತ್ತದೆ. ಕಾಗದದ ಹಿಮದ ತೊಂದರೆ ಬೇರೆ: ರಕ್ತ ಅಂಚಿನಲ್ಲಿ ಹರಡಿ ಗುಲಾಬಿಯಾಗುತ್ತದೆ. ಅಂಚು ಗುಲಾಬಿಯಾದರೆ ಪರವಾಗಿಲ್ಲ, ನಡುವೆ ಗಾಢವಾಗಿ ಉಳಿಯಬೇಕು. ಅದಕ್ಕೆ ರಕ್ತ ಬೀಳುವ ಜಾಗದಲ್ಲಿ ಹಿಮದ ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ತೆಳ್ಳಗೆ ಹಿಮ, ಕೋಕೋ ಹಾಕಿದ ಸಿರಪ್ ರಕ್ತವನ್ನು ಬಾಟಲಿಯಿಂದ ಹನಿಹನಿಯಾಗಿ ಬೀಳಿಸುವುದು. ಹಾಳೆಯ ಸಮೇತ ಎತ್ತಿ ಬಿಸಾಡಿ ಹೊಸ ಹಿಮ ಉದುರಿಸಿದರೆ ಮುಂದಿನ ಟೇಕಿಗೆ ಐದು ನಿಮಿಷ ಸಾಕು.

ದಿನ ಮುಗಿದ ಕೂಡಲೇ ಟ್ಯೂಬು, ಸಿರಿಂಜ್, ಸ್ಪ್ರೇಯರಿಗೆ ಬೆಚ್ಚಗಿನ ನೀರು ಹಾಯಿಸಿ, ಆಮೇಲೆ ಒಮ್ಮೆ ತಣ್ಣೀರು. ಉಳಿದ ಮೀಥೈಲ್ ಸೆಲ್ಯುಲೋಸ್ ಕರಗುವುದು ತಣ್ಣೀರಿನಲ್ಲೇ. ಚೂರಿಯ ತೂತುಗಳಿಗೆ ಅವನ್ನು ಕೊರೆದ ಅದೇ 0.8 ಮಿ.ಮೀ. ಸೂಜಿಯನ್ನು ಒಂದೊಂದಾಗಿ ಆಡಿಸಿ, ಸೂಜಿಯನ್ನು ಹಿಡಿಕೆಗೇ ಟೇಪಿನಲ್ಲಿ ಸುತ್ತಿಡಿ.